ಹೂವಿನ ಹ್ಯಾಂಡ್‌ಮೇಡ್ ಕಾಗದದ ಲಗ್ನಪತ್ರಿಕೆ: ಹುಬ್ಬಳ್ಳಿ ಪೇಟೆಯಲ್ಲಿ ಸಿಗುವ ಹಾಳೆ, ಅದರ ಮೇಲೆ ಕೂಡುವ ಅಚ್ಚು

ಮೊದಲೇ ತೀರ್ಪು ಹೇಳಿಬಿಡುತ್ತೇವೆ. ಎಸಳು ಬೆರೆಸಿದ ಹ್ಯಾಂಡ್‌ಮೇಡ್ ಕಾಗದ ಲಗ್ನಪತ್ರಿಕೆಗೆ ಹೊದಿಕೆಯಾಗಿ, ಅಂಚಾಗಿ, ಲಕೋಟೆಯಾಗಿ ಬಂದರೆ ಐದಕ್ಕೆ ನಾಲ್ಕೂವರೆ ಅಂಕ. ಅದೇ ಹಾಳೆಯ ಮೇಲೆ ವಧು-ವರರ ಹೆಸರು, ಮುಹೂರ್ತ, ಕಲ್ಯಾಣಮಂಟಪದ ವಿಳಾಸ ಎಲ್ಲವನ್ನೂ ನೇರವಾಗಿ ಹೊಡೆಸಿದರೆ ಎರಡು. ನಡುವೆ ಕಳೆದುಹೋದ ಎರಡೂವರೆ ಅಂಕದ ಲೆಕ್ಕ ಇಷ್ಟೇ: ಎಸಳು ಎಲ್ಲಿ ಕೂತಿದೆ, ಅಚ್ಚು ಯಾವ ಮಶೀನಿನದು. "ಹೂವಿನ ಮ್ಯಾಲ ಅಕ್ಷರ ಕೂಡಂಗಿಲ್ರಿ" ಎಂದು ಸ್ಕ್ರೀನ್ ಹೊಡೆಯುವವರು ಹೇಳಿದರೆ ಅದನ್ನು ಕೆಲಸ ತಪ್ಪಿಸಿಕೊಳ್ಳುವ ಮಾತು ಅಂದುಕೊಳ್ಳಬೇಡಿ. ಅವರು ಹೇಳುವುದು ನಿಜ.

ಹಾಳೆ ಹುಡುಕುವುದು

ಹುಬ್ಬಳ್ಳಿಯ ದುರ್ಗದಬೈಲ್ ಸುತ್ತಲಿನ ಪೇಟೆಯಾಗಲಿ, ಧಾರವಾಡದ ಸುಭಾಸ ರಸ್ತೆಯಾಗಲಿ, ಕಾರ್ಡಿನ ಅಂಗಡಿಯಲ್ಲಿ ಎದುರಿಗೆ ಇಡುವುದು ರೆಡಿಮೇಡ್ ಕಾರ್ಡುಗಳ ಆಲ್ಬಮ್. ಅದರಲ್ಲಿ "ಹ್ಯಾಂಡ್‌ಮೇಡ್ ಫ್ಲೋರಲ್" ಅಂತ ಕರೆಸಿಕೊಳ್ಳುವ ಎಷ್ಟೋ ಕಾರ್ಡುಗಳು ಮಿಲ್ ಕಾಗದದ ಮೇಲೆ ಹೂವಿನ ಫೋಟೊ ಅಚ್ಚಾದವು. ಗುರುತು ಹಿಡಿಯುವುದು ಸುಲಭ. ಒಂದೇ ಮಾದರಿಯ ಎರಡು ಕಾರ್ಡು ಕೇಳಿ ಪಕ್ಕಪಕ್ಕ ಇಡಿ. ಎಸಳು ಎರಡರಲ್ಲೂ ಅದೇ ಜಾಗದಲ್ಲಿದ್ದರೆ ಅದು ಅಚ್ಚು. ನಿಜವಾದ ಹಾಳೆಯಲ್ಲಿ ಒಂದರಂತೆ ಇನ್ನೊಂದು ಇರುವುದಿಲ್ಲ, ಹಿಂಬದಿಯಲ್ಲೂ ಎಸಳಿನ ನೆರಳು ಕಾಣುತ್ತದೆ, ಉಗುರು ಆಡಿಸಿದರೆ ಏರಿಳಿತ ತಿಳಿಯುತ್ತದೆ.

ಹಾಗಾಗಿ ಆಲ್ಬಮ್ ಬದಿಗಿಟ್ಟು ಲೂಸ್ ಶೀಟ್ ಕೇಳಿ. ಇಲ್ಲಿಗೆ ಬರುವ ಹಾಳೆ ಬಹುಪಾಲು ಹೊರಗಿನದು. ಜೈಪುರ ಪಕ್ಕದ ಸಾಂಗಾನೇರ್, ಪುದುಚೇರಿಯ ಅರವಿಂದಾಶ್ರಮದ ಕಾಗದದ ಘಟಕ, 1940ರಲ್ಲಿ ಶುರುವಾದ ಪುಣೆಯ ಹ್ಯಾಂಡ್‌ಮೇಡ್ ಪೇಪರ್ ಸಂಸ್ಥೆ ಈ ಕಸುಬಿನಲ್ಲಿ ಹೆಸರಾದವು. ಖಾದಿಯ ರಾಷ್ಟ್ರಧ್ವಜ ಹುಬ್ಬಳ್ಳಿಯ ಬೆಂಗೇರಿಯಲ್ಲೇ ತಯಾರಾಗುವಾಗ ಹತ್ತಿ ಚಿಂದಿಯ ಕಾಗದವನ್ನು ಪುಣೆಯಿಂದ ತರಿಸುವುದು ವಿಚಿತ್ರವೇ, ಆದರೆ ಸದ್ಯದ ಪೇಟೆ ಹಾಗಿದೆ. ಪುಣೆಯಿಂದಾದರೆ ನೇರ ಹೆದ್ದಾರಿ, ಲಾರಿ ಪಾರ್ಸಲ್ಲಿಗೆ ಅದೇ ಸಲೀಸು. ಹಾಳೆಯನ್ನು ಸುರುಳಿ ಸುತ್ತಿ ಕಳಿಸಬೇಡಿ, ಎರಡು ರಟ್ಟಿನ ನಡುವೆ ಚಪ್ಪಟೆಯಾಗಿ ಕಟ್ಟಿ ಕಳಿಸಿ ಎಂದು ಮೊದಲೇ ಹೇಳಿ. ಸುತ್ತಿದ ಹಾಳೆ ಬಿಚ್ಚಿದ ಮೇಲೂ ಬಾಗಿಯೇ ಇರುತ್ತದೆ, ಮಡಿಕೆ ಬಿದ್ದಲ್ಲಿ ಎಸಳು ಎದ್ದು ಉದುರುತ್ತದೆ.

ಹಾಳೆ ಹೇಗಾಗುತ್ತದೆ ಎಂಬುದು ಗೊತ್ತಿದ್ದರೆ ಆಯ್ಕೆ ಅರ್ಧ ಮುಗಿದಂತೆ. ಹತ್ತಿ ಬಟ್ಟೆಯ ಚೂರನ್ನು ಬೀಟರಿನಲ್ಲಿ ಅರೆದು, ನೀರಿನ ತೊಟ್ಟಿಯಲ್ಲಿ ತೇಲಿಬಿಟ್ಟು, ಜರಡಿಯಂಥ ಚೌಕಟ್ಟಿನಲ್ಲಿ ಎತ್ತುತ್ತಾರೆ. ಒಣಗಿದ ಎಸಳನ್ನು ತೊಟ್ಟಿಯ ಅರೆತಕ್ಕೇ ಬೆರೆಸಿದ್ದರೆ ಅದು ನಾರಿನೊಳಗೆ ಹೂತು ಕೂಡುತ್ತದೆ. ಎತ್ತಿದ ಹಸಿ ಹಾಳೆಯ ಮೇಲೆ ಉದುರಿಸಿದ್ದರೆ ಮೇಲ್ಮೈಯಲ್ಲೇ ನಿಲ್ಲುತ್ತದೆ. ಅಂಗಡಿಯಲ್ಲಿ ಕಣ್ಣಿಗೆ ಚಂದ ಕಾಣುವುದು ಎರಡನೆಯದು, ಅಚ್ಚಿನ ಮನೆಯಲ್ಲಿ ಕೈಕೊಡುವುದೂ ಅದೇ. ಹೆಬ್ಬೆರಳಿನಿಂದ ಹತ್ತು ಸಲ ಒತ್ತಿ ಉಜ್ಜಿ. ಎಸಳಿನ ಅಂಚು ಎದ್ದರೆ ಆ ಹಾಳೆಯನ್ನು ಲಕೋಟೆಗೂ ತಗೊಳ್ಳಬೇಡಿ.

ಇನ್ನೊಂದು ಪರೀಕ್ಷೆ ನೀರಿನದು. ಖಾಲಿ ಜಾಗದಲ್ಲಿ ಒಂದು ಹನಿ ಇಟ್ಟು ಒಂದು ನಿಮಿಷ ನೋಡಿ. ಹನಿ ಗುಂಡಗೆ ನಿಂತರೆ ಹಾಳೆಗೆ ಸೈಜಿಂಗ್ ಸರಿಯಾಗಿದೆ, ಅಂದರೆ ಶಾಯಿ ಕುಡಿಯದಂತೆ ಅಂಟು ಹಿಡಿದಿದೆ. ಕೂಡಲೇ ಇಂಗಿದರೆ ಅದು ಒತ್ತುಕಾಗದದ ಗುಣ, ಅಕ್ಷರದ ಅಂಚಿಗೆ ಮೀಸೆ ಮೂಡುತ್ತದೆ. ಈಗಿನ ಕೆಲವು ಘಟಕಗಳು ಬಳಸುವ ಎಕೆಡಿ ಎಂಬ ರಾಸಾಯನಿಕದ ಸೈಜಿಂಗ್ ಪೂರ್ತಿ ಹಿಡಿಯಲು ಕೆಲವು ದಿನ ಬೇಕು. ಆಗಷ್ಟೇ ಬಂದ ಹೊಸ ಹಾಳೆ ಫೇಲಾದರೆ ವಾರ ಬಿಟ್ಟು ಮತ್ತೊಮ್ಮೆ ನೋಡಿ. ಹಳೆಯ ಪದ್ಧತಿಯ ರಾಳ-ಪಟಕದ ಸೈಜಿಂಗಿನಲ್ಲಿ ಆಮ್ಲದ ಅಂಶ ಇರುವುದರಿಂದ ವರ್ಷಗಳ ಮೇಲೆ ಹಾಳೆ ಹಳದಿಗಟ್ಟುತ್ತದೆ. ಪತ್ರಿಕೆಗೆ ಅದು ಅಂಥ ದೋಷವಲ್ಲ, ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳುವವರಿಗೆ ಮಾತ್ರ.

ದಪ್ಪದ ವಿಷಯದಲ್ಲಿ ಅಂಗಡಿಯವರು ಹೇಳುವ ಜಿಎಸ್‌ಎಂ, ಅಂದರೆ ಒಂದು ಚದರ ಮೀಟರ್ ಹಾಳೆಯ ಗ್ರಾಂ ತೂಕ, ಅಂದಾಜಿನದು. ಪೂರ್ಣ ಹಾಳೆ ಸಾಮಾನ್ಯವಾಗಿ 22 × 30 ಇಂಚು. ಅಂಥ 10 ಹಾಳೆ ತೂಗಿ, ಬಂದ ಗ್ರಾಂ ಅನ್ನು 4.26ರಿಂದ ಭಾಗಿಸಿದರೆ ಸರಾಸರಿ ಜಿಎಸ್‌ಎಂ ಸಿಗುತ್ತದೆ. 850 ಗ್ರಾಂ ಬಂದರೆ ಅದು 200ರ ಹಾಳೆ, 300 ಅಂತ ಹೇಳಿ ಕೊಡುತ್ತಿದ್ದರೆ ಅಲ್ಲೇ ಕೇಳಬಹುದು. ಒಂದೇ ಹಾಳೆ ತೂಗಿ ಜಗಳ ಮಾಡಬೇಡಿ. ಕೈಯಿಂದ ಎತ್ತಿದ ಹಾಳೆ ಒಂದಕ್ಕಿಂತ ಒಂದು ಹೆಚ್ಚುಕಡಿಮೆ ಇರುವುದು ಸಹಜ. ಒಂಟಿ ಕಾರ್ಡಿಗೆ 250ರಿಂದ 300, ಮಡಿಕೆಯ ಕಾರ್ಡಿಗೆ 180ರಿಂದ 220, ಲಕೋಟೆಗೆ 110ರಿಂದ 130 ನಮ್ಮ ಶಿಫಾರಸು.

ಬಣ್ಣ ನಿಲ್ಲುವ ಹೂ, ಕೈಬಿಡುವ ಹೂ

ಚೆಂಡು ಹೂವಿಗೆ ಪೂರ್ಣ ಅಂಕ. ಅದರ ಹಳದಿ-ಕಿತ್ತಳೆ ಬಣ್ಣ ಗಜ್ಜರಿಯ ಬಣ್ಣದ ಜಾತಿಯದು, ನೀರಿಗೆ ಕರಗುವುದಿಲ್ಲ. ಹಾಳೆಯೊಳಗೆ ಹೋದ ಮೇಲೂ ತಿಂಗಳುಗಟ್ಟಲೆ ಹಾಗೇ ಇರುತ್ತದೆ. ಗುಲಾಬಿ ಎಲ್ಲರೂ ಕೇಳುವ ಹೂ, ಎಲ್ಲರನ್ನೂ ನಿರಾಶೆಗೊಳಿಸುವ ಹೂ. ಒಣಗುತ್ತ ಕಂದಾಗಿ ಚಹಾಪುಡಿ ಬಿದ್ದಂತೆ ಕಾಣುತ್ತದೆ. ಕಾಗದದ ಹೂವು ಅಂತ ಕರೆಯುವ ಬೋಗನ್‌ವಿಲ್ಲಾ ಮೊದಲ ದಿನ ಬೆರಗು ಹುಟ್ಟಿಸುತ್ತದೆ, ಬಿಸಿಲಿಗೆ ಬಿಳುಚುತ್ತದೆ, ತೇವ ತಾಗಿದರೆ ಗುಲಾಬಿ ನೀರು ಬಿಡುತ್ತದೆ. ದಾಸವಾಳದ ಬಣ್ಣ ಹುಳಿ-ಕ್ಷಾರಕ್ಕೆ ತಕ್ಕಂತೆ ಬದಲಾಗುವಂಥದ್ದು. ಸುಣ್ಣದ ಅಂಶ ಸೇರಿಸಿದ ಹಾಳೆಯಲ್ಲಿ ಕೆಂಪು ಹೋಗಿ ನೀಲಿಗೆ ತಿರುಗುತ್ತದೆ. ಮಂಗಳಕಾರ್ಯದ ಪತ್ರಿಕೆಯಲ್ಲಿ ಆ ಬಣ್ಣ ಹಿರಿಯರಿಗೆ ಹಿಡಿಸುವುದಿಲ್ಲ. ಹಸಿರು ಎಲೆ ಖಾಕಿಯಾಗುತ್ತದೆ, ಅದೊಂದು ಥರ ಚಂದವೇ.

ಪರೀಕ್ಷಿಸಲು ಒಂದು ತುಂಡಿನ ಅರ್ಧ ಭಾಗವನ್ನು ರಟ್ಟಿನಿಂದ ಮುಚ್ಚಿ ಹದಿನೈದು ದಿನ ಬಿಸಿಲು ಬೀಳುವ ಕಿಟಕಿಯಲ್ಲಿಡಿ. ಇನ್ನೊಂದು ತುಂಡಿನ ಮೇಲೆ ಒದ್ದೆ ಬಿಳಿ ಬಟ್ಟೆ ಇಟ್ಟು ಮೇಲೆ ತೂಕ ಹೇರಿ ಒಂದು ತಾಸು ಬಿಡಿ. ಬಟ್ಟೆಗೆ ಬಣ್ಣ ಹತ್ತಿದರೆ ಅಂಟು ಹಚ್ಚುವಾಗಲೂ ಹತ್ತುತ್ತದೆ.

ಮನೆಯ ಹಿತ್ತಲಿನ ಹೂವನ್ನೇ ಹಾಕಿಸಬೇಕು ಅನ್ನುವವರು ಹೂವನ್ನು ಇಡಿಯಾಗಿ ಒಣಗಿಸಬೇಡಿ. ಎಸಳು ಬಿಡಿಸಿ, ತೊಟ್ಟು-ತಳ ಪೂರ್ತಿ ತೆಗೆದು, ನೆರಳಿನಲ್ಲಿ ಐದಾರು ದಿನ ಒಣಗಿಸಿ, ಹಿಡಿದರೆ ಗರಗರ ಅನ್ನುವಂತಾದ ಮೇಲೆ ಘಟಕಕ್ಕೆ ಕಳಿಸಿ. ತೊಟ್ಟಿನ ಚೂರು ಒಂದು ಉಳಿದರೂ ಹಾಳೆಯಲ್ಲಿ ಗಂಟಾಗುತ್ತದೆ, ಅದರ ಪರಿಣಾಮ ಮುಂದೆ ಬರುತ್ತದೆ.

ಅಚ್ಚು

ಗದಗ ಹಳೆಯ ಕಾಲದಿಂದಲೂ ಅಚ್ಚುಕೂಟಗಳ ಊರು. ಪಂಚಾಂಗ, ಶಾಲಾ ಪುಸ್ತಕ, ಲಗ್ನಪತ್ರಿಕೆ ಎಲ್ಲ ನೋಡಿದ ಕೈಗಳು ಅಲ್ಲಿವೆ. ಹುಬ್ಬಳ್ಳಿಯಲ್ಲಿ ಡಿಜಿಟಲ್ ಬೇಗ, ಗದಗಿನಲ್ಲಿ ಸ್ಕ್ರೀನ್ ಕೆಲಸಕ್ಕೆ ತಾಳ್ಮೆ ಹೆಚ್ಚು ಎಂಬುದು ನಮ್ಮ ಅಭಿಪ್ರಾಯ, ಬೇರೆಯವರು ಒಪ್ಪದಿರಬಹುದು. ಎಲ್ಲಿಯೇ ಆಗಲಿ, ಈ ಕಾಗದಕ್ಕೆ ಒಗ್ಗುವುದು ಸ್ಕ್ರೀನ್ ಪ್ರಿಂಟಿಂಗ್ ಒಂದೇ. ಶಾಯಿ ಬಟ್ಟೆಯ ಜಾಲರಿಯಿಂದ ಇಳಿದು ಹಾಳೆಯ ಮೇಲೆ ದಪ್ಪವಾಗಿ ಕೂಡುತ್ತದೆ, ಬಿಸಿ ಇಲ್ಲ, ರೋಲರಿನ ಎಳೆತ ಇಲ್ಲ, ತಗ್ಗುದಿಣ್ಣೆಯನ್ನು ಒಂದು ಮಟ್ಟಿಗೆ ಸಹಿಸಿಕೊಳ್ಳುತ್ತದೆ.

ಕೆಲಸ ಕೊಡುವಾಗ ಕೇಳಬೇಕಾದ ವಿವರ ಇದು. ಜಾಲರಿ ಸೆಂಟಿಮೀಟರಿಗೆ 77ರಿಂದ 100 ಎಳೆಯದು ಇರಲಿ. 43ರದ್ದಾದರೆ ಶಾಯಿ ಸುರಿದು ಅಕ್ಷರದ ಹೊಟ್ಟೆ ಮುಚ್ಚುತ್ತದೆ. 120 ದಾಟಿದರೆ ಶಾಯಿ ತೆಳುವಾಗಿ, ಒರಟು ಹಾಳೆಯ ತಗ್ಗಿಗೆ ತಲುಪುವುದಿಲ್ಲ. ಜಾಲರಿಗೂ ಹಾಳೆಗೂ ನಡುವೆ ಸುಮಾರು 3 ಮಿಲಿಮೀಟರ್ ಅಂತರ ಬೇಕು, ಶಾಯಿ ಎಳೆಯುವ ಸ್ಕ್ವೀಜಿ ರಬ್ಬರ್ ಮಧ್ಯಮ ಗಡಸಿನದು ಸಾಕು. ಒಂದೇ ಎಳೆತದಲ್ಲಿ ಮುಗಿಯಬೇಕು. ಎರಡನೇ ಎಳೆತ ಹಾಕಿದರೆ ಹಾಳೆ ಜಾಲರಿಗೆ ಅಂಟಿಕೊಂಡು ಎದ್ದು ಅಕ್ಷರ ಜೋಡಿಯಾಗಿ ಕಾಣುತ್ತದೆ. ಶಾಯಿ ಸಾಲ್ವೆಂಟಿನ ಮ್ಯಾಟ್ ಜಾತಿಯದು ಇರಲಿ. ನೀರಿನ ಶಾಯಿ ಹಾಳೆಯನ್ನು ಉಬ್ಬಿಸುತ್ತದೆ, ಎಸಳಿನ ಬಣ್ಣವನ್ನೂ ಎಬ್ಬಿಸುತ್ತದೆ.

ಈಗ ಆ ಗಂಟಿನ ವಿಷಯ. ಹಾಳೆಯಲ್ಲಿ ಅಕ್ಕಿನುಚ್ಚಿನಷ್ಟು ತೊಟ್ಟು ಎದ್ದಿದ್ದರೂ ಜಾಲರಿ ಅಲ್ಲಿ ಡೇರೆಯಂತೆ ಎತ್ತುತ್ತದೆ. ಸುತ್ತ ಶಾಯಿ ಇಳಿಯದೆ ಬಿಳಿ ಉಂಗುರ ಬೀಳುತ್ತದೆ. ಅದು ಆ ಒಂದು ಕಾರ್ಡಿನ ನಷ್ಟ. ಗಟ್ಟಿ ತೊಟ್ಟಾದರೆ ಅಕ್ಷರದ ಹೊರಗೆ ಶಾಯಿ ಇಳಿಯದಂತೆ ತಡೆಯುವ, ಜಾಲರಿಯ ಮೇಲಿನ ಎಮಲ್ಷನ್ ಪದರಕ್ಕೆ ಚುಚ್ಚಿ ಸೂಜಿಮೊನೆಯ ತೂತು ಮಾಡುತ್ತದೆ. ಅಲ್ಲಿಂದ ಮುಂದೆ ಹೊಡೆದ ಪ್ರತಿ ಕಾರ್ಡಿನಲ್ಲೂ ಅದೇ ಜಾಗದಲ್ಲಿ ಚುಕ್ಕೆ. ಕನ್ನಡದಲ್ಲಿ ಚುಕ್ಕೆ ಸುಮ್ಮನೆ ಚುಕ್ಕೆಯಾಗಿ ಉಳಿಯುವುದಿಲ್ಲ, ಹೆಸರಿನ ಕೊನೆಗೆ ಬಿದ್ದರೆ ಸೊನ್ನೆಯಂತೆ ಓದಿಸಿಕೊಳ್ಳುತ್ತದೆ. ಪ್ರತಿ 50 ಕಾರ್ಡಿಗೊಮ್ಮೆ ಒಂದನ್ನು ಬೆಳಕಿಗೆ ಹಿಡಿದು ನೋಡುವ ಪ್ರೆಸ್ಸಿನವರೇ ಸರಿಯಾದ ಪ್ರೆಸ್ಸಿನವರು. ಹೊಡೆಯುವ ಮೊದಲು ಹಾಳೆಯ ಮೇಲೆ ಅಂಗೈ ಆಡಿಸಿ ಗಂಟು ಇರುವುದನ್ನು ಬೇರೆ ಇಟ್ಟರೆ ಈ ತೊಂದರೆ ಮುಕ್ಕಾಲು ಪಾಲು ಇಲ್ಲವಾಗುತ್ತದೆ. ಬೇರೆ ಇಟ್ಟ ಹಾಳೆ ಲಕೋಟೆಗೆ ಬರುತ್ತದೆ.

ಎಸಳಿನ ಮೇಲೆ ಕೂತ ಶಾಯಿಯದು ಇನ್ನೊಂದು ಕಥೆ. ನಾರು ಶಾಯಿಯನ್ನು ಹಿಡಿಯುತ್ತದೆ, ಎಸಳಿನ ನಯ ಮೈ ಹಿಡಿಯುವುದಿಲ್ಲ. ಒಣಗಿದ ಮೇಲೆ ಅಷ್ಟು ಭಾಗ ಸಿಪ್ಪೆಯಂತೆ ಏಳುತ್ತದೆ. ಸ್ಕ್ರೀನ್ ಮಾಡಿದ ದಿನ ಕಾರ್ಡು ಚಂದ ಇರುತ್ತದೆ, ಬಂಧುಗಳ ಕೈಗೆ ಸೇರುವ ಹೊತ್ತಿಗೆ ಮಾವನವರ ಹೆಸರಿನಲ್ಲಿ ಒಂದಕ್ಷರ ಕಡಿಮೆ!

ಕನ್ನಡ ಅಕ್ಷರಕ್ಕೆ ಈ ಕಾಗದದಲ್ಲಿ ಇಂಗ್ಲಿಷಿಗಿಂತ ಹೆಚ್ಚಿನ ಜಾಗ್ರತೆ ಬೇಕು. ದ ಮತ್ತು ಧ, ಬ ಮತ್ತು ಭ, ಪ ಮತ್ತು ಫ ನಡುವಿನ ವ್ಯತ್ಯಾಸವೆಲ್ಲ ಕೆಳಗಿನ ಒಂದು ಸಣ್ಣ ಸೀಳಿನದು. ಶಾಯಿ ಹರಡಿ ಆ ಸೀಳು ಮುಚ್ಚಿತೋ, ವಧು "ವದು" ಆಗುತ್ತಾಳೆ, ಶುಭ "ಶುಬ" ಆಗುತ್ತದೆ. ಅರ್ಕಾವೊತ್ತು, ದೀರ್ಘದ ಕೊಂಬು, ಒತ್ತಕ್ಷರದ ಬಾಲ ಇವೆಲ್ಲ ಕಾಲು ಮಿಲಿಮೀಟರಿನ ಗೆರೆಗಳು, ಎಸಳು ನುಂಗಿಬಿಡುತ್ತದೆ. ಆದ್ದರಿಂದ ಮೈಬರಹ 14 ಪಾಯಿಂಟಿಗಿಂತ ಕಡಿಮೆ ಬೇಡ, ಹೆಸರುಗಳು 24ರ ಮೇಲಿರಲಿ. ಸಾಲುಗಳ ನಡುವೆ ಒತ್ತಕ್ಷರ ಕೆಳಗಿನ ಸಾಲಿನ ಗುಣಿತಕ್ಕೆ ತಾಗದಷ್ಟು ಜಾಗ ಬಿಡಿಸಿ. ತೆಳು-ದಪ್ಪ ಆಟವಾಡುವ ಅಲಂಕಾರದ ಫಾಂಟ್ ಬಿಟ್ಟು ಗೆರೆ ಒಂದೇ ದಪ್ಪ ಇರುವುದನ್ನು ಆರಿಸಿ. ಜಾಲರಿಗೆ ಅಕ್ಷರ ಇಳಿಸಲು ಬೇಕಾದ ಕರಿ ಪ್ರತಿಯನ್ನು (ಪಾಸಿಟಿವ್) ಟ್ರೇಸಿಂಗ್ ಹಾಳೆಯ ಮೇಲೆ ತೆಗೆದರೆ ಕರಿ ಬಣ್ಣ ಸಾಕಷ್ಟು ಗಟ್ಟಿ ಬರದೆ, ಬೆಳಕು ಹಾಯಿಸಿ ಎಕ್ಸ್‌ಪೋಸ್ ಮಾಡುವಾಗ ತೆಳು ಗೆರೆ ಹಾರಿಹೋಗುತ್ತದೆ. ಸ್ವಲ್ಪ ಹೆಚ್ಚು ಹಣವಾದರೂ ಫಿಲ್ಮ್ ತೆಗೆಸಿ.

ಪ್ರೂಫಿನ ಗೋಳು ಕಾಗದಕ್ಕೆ ಸೇರಿದ್ದಲ್ಲ, ಆದರೂ ಹೇಳಲೇಬೇಕು. ಮೊಬೈಲಿನಲ್ಲಿ ಯುನಿಕೋಡ್ ಬರೆದು ಕಳಿಸಿದ ಒಕ್ಕಣೆಯನ್ನು ಹಳೆಯ ನುಡಿ ಅಥವಾ ಶ್ರೀಲಿಪಿ ಫಾಂಟಿಗೆ ತರುವಾಗ ಡಿಟಿಪಿಯವರು ಮತ್ತೆ ಟೈಪ್ ಮಾಡುವುದೇ ಹೆಚ್ಚು. ತಪ್ಪು ನುಸುಳುವುದು ಅಲ್ಲೇ. ಕೋರಲ್‌ಡ್ರಾದಲ್ಲಿ ಕರ್ವ್ ಮಾಡಿದ, ಅಂದರೆ ಅಕ್ಷರವನ್ನು ಗೆರೆಚಿತ್ರವಾಗಿಸಿದ ಮೇಲಿನ ಪ್ರತಿಯನ್ನೇ ಪ್ರಿಂಟ್ ತೆಗೆಸಿ, ಮನೆಯ ಇಬ್ಬರು ಬೇರೆಬೇರೆ ಓದಿ.

ಬಣ್ಣದಲ್ಲಿ ಮರೂನ್, ಬಾಟಲ್ ಗ್ರೀನ್, ಕಡುಕಂದು ಚೆನ್ನಾಗಿ ನಿಲ್ಲುತ್ತವೆ. ಚಿನ್ನದ ಶಾಯಿ ಈ ಹಾಳೆಯೊಳಗೆ ಇಂಗಿ ಸಾಸಿವೆ ಬಣ್ಣವಾಗುತ್ತದೆ. ಗಣಪತಿಗೆ ಚಿನ್ನವೇ ಬೇಕೆಂದರೆ ಬಿಸಿ ಬ್ಲಾಕಿನಿಂದ ಒತ್ತಿ ಅಂಟಿಸುವ ಫಾಯಿಲ್ ಮಾಡಿಸಿ, ಅದೂ ಎಸಳಿಲ್ಲದ ಜಾಗದಲ್ಲಿ. ಮೊದಲು ಫಾಯಿಲ್ ಇಲ್ಲದೆ ಬಿಸಿ ಬ್ಲಾಕಿನಿಂದ ಒಮ್ಮೆ ಒತ್ತಿ ಮೈ ಸಮ ಮಾಡಿಕೊಂಡು, ಆಮೇಲೆ ಫಾಯಿಲ್ ಇಟ್ಟರೆ ಗೆರೆ ತುಂಡಾಗುವುದಿಲ್ಲ.

ಉಳಿದ ಅಚ್ಚುಗಳನ್ನು ಬೇಗ ಮುಗಿಸೋಣ. ಲೇಸರ್ ಡಿಜಿಟಲ್‌ಗೆ ಒಂದು ಅಂಕ. ಟೋನರ್ ಕರಗಿಸುವ ಭಾಗದ ಬಿಸಿ 180 ಡಿಗ್ರಿಯ ಆಸುಪಾಸು, ಎಸಳು ಕಪ್ಪಾಗುತ್ತದೆ, ತಗ್ಗಿನಲ್ಲಿ ಟೋನರ್ ಕೂಡದೆ ಪುಡಿ ಉದುರುತ್ತದೆ, ಉದುರಿದ ಎಸಳು ಡ್ರಮ್ಮಿಗೆ ಗೀರು ಹಾಕುತ್ತದೆ. ಅಂಗಡಿಯವರು ಬೇಡ ಅಂದರೆ ಅವರ ಮಶೀನಿನ ಚಿಂತೆ ಅವರಿಗೆ. ಆಫ್‌ಸೆಟ್ ಬೇಡವೇ ಬೇಡ, ಜಿಗುಟು ಶಾಯಿ ನಾರನ್ನೂ ಎಸಳನ್ನೂ ಕಿತ್ತು ಮಶೀನಿನ ರಬ್ಬರ್ ಹೊದಿಕೆಗೆ (ಬ್ಲಾಂಕೆಟ್) ಅಂಟಿಸಿಕೊಳ್ಳುತ್ತದೆ. ಹಿಂದಿನಿಂದ ಹಾಳೆ ನೇರವಾಗಿ ಹೋಗುವ ಪಿಗ್ಮೆಂಟ್ ಇಂಕ್‌ಜೆಟ್ ಇದ್ದರೆ 50 ಕಾರ್ಡಿನ ಸಣ್ಣ ಕೆಲಸಕ್ಕೆ ಅಡ್ಡಿಯಿಲ್ಲ. ಹಳೆಯ ಮೊಳೆಯಚ್ಚಿನ ಟ್ರೆಡಲ್ ಮಶೀನು ಇನ್ನೂ ಇಟ್ಟುಕೊಂಡವರು ಅದನ್ನು ಹೆಚ್ಚಾಗಿ ಕ್ರೀಸಿಂಗ್ (ಮಡಿಕೆಯ ಗೆರೆ ಒತ್ತುವುದು), ನಂಬರಿಂಗ್, ಡೈ ಕಟಿಂಗಿಗೆ ಓಡಿಸುತ್ತಾರೆ. ಬ್ಲಾಕ್ ಮಾಡಿಸಿ ಒಪ್ಪಿಸಿದರೆ 300 ಜಿಎಸ್‌ಎಂ ಸಾದಾ ಹ್ಯಾಂಡ್‌ಮೇಡ್ ಹಾಳೆಯಲ್ಲಿ ಅಕ್ಷರ ಒತ್ತಿ ಕೂಡುವ ಅಂದ ಬೇರೆ ಯಾವುದರಲ್ಲೂ ಬರದು, ಎಸಳಿನ ಹಾಳೆಯಲ್ಲಿ ಮಾತ್ರ ಎಸಳು ಜಜ್ಜಿ ಕಲೆ ಬೀಳುತ್ತದೆ.

ಇಷ್ಟೆಲ್ಲ ಗೊತ್ತಾದ ಮೇಲೆ ನಾವು ಹೇಳುವ ದಾರಿ: ಒಕ್ಕಣೆಯನ್ನು 100-120 ಜಿಎಸ್‌ಎಂ ನಯವಾದ ಕೆನೆಬಣ್ಣದ ಒಳಹಾಳೆಯ ಮೇಲೆ ಹೊಡೆಸಿ. ಇದಕ್ಕೆ ಡಿಜಿಟಲ್ಲೂ ಸರಿ. ಹೂವಿನ ಹಾಳೆ ಹಿಂದಿನ ಕಾರ್ಡಾಗಿ ನಾಲ್ಕೂ ಕಡೆ ಅರ್ಧ ಇಂಚು ಹೊರಗೆ ಕಾಣಲಿ. ಎರಡನ್ನೂ ಮೇಲಂಚಿನಲ್ಲಿ ಎರಡು ತೂತು ಹಾಕಿ ಹತ್ತಿ ದಾರದಿಂದ ಕಟ್ಟಿ. ಅಂಟು ಹಚ್ಚುವುದಾದರೆ ನೀರಂಟು ಬೇಡ, ಎರಡೂ ಬದಿ ಅಂಟಿನ ಟೇಪು ಸಾಕು.

ಲೆಕ್ಕ, ಕತ್ತರಿ, ಲಕೋಟೆ

22 × 30ರ ಹಾಳೆಯಲ್ಲಿ 5 × 7ರ ಕಾರ್ಡು 18 ಬರುತ್ತದೆ ಎಂದು ಅಂಗಡಿಯಲ್ಲಿ ಹೇಳುವುದು ಕಾಗದದ ಮೇಲಿನ ಲೆಕ್ಕ. ಸುತ್ತಲಿನ ಹರಕು ಅಂಚು ತೆಗೆದರೆ ಉಳಿಯುವುದು 21 × 29, ಎಲ್ಲ ಕಾರ್ಡನ್ನೂ ಒಂದೇ ದಿಕ್ಕಿಗೆ ಜೋಡಿಸಿದರೆ ಅದರಲ್ಲಿ ಬರುವುದು 16 ಮಾತ್ರ. ಕಾರ್ಡನ್ನು 4¾ × 6¾ ಇಂಚಿಗೆ ಇಳಿಸಿ ನೋಡಿ, ಮತ್ತೆ 18 ಬರುತ್ತದೆ. 500 ಕಾರ್ಡಿಗೆ 32 ಹಾಳೆಯ ಬದಲು 28. ಇದರ ಮೇಲೆ ಶೇ. 15 ವೇಸ್ಟೇಜ್ ಸೇರಿಸಿ 33 ಹಾಳೆ ತಗೊಳ್ಳಿ, ಎಲ್ಲ ಒಂದೇ ಲಾಟಿನದು ಇರಲಿ. ಕಡಿಮೆ ಬಿತ್ತೆಂದು ಆಮೇಲೆ ತರಿಸಿದ ಹಾಳೆಯ ಕೆನೆಬಣ್ಣ ಹೊಂದುವುದಿಲ್ಲ.

ಹರಕು ಅಂಚೇ ಬೇಕು ಅನ್ನುವವರು ಕತ್ತರಿಸುವ ಬದಲು, ಸ್ಟೀಲ್ ಸ್ಕೇಲಿನ ಪಕ್ಕ ಕುಂಚದಿಂದ ನೀರಿನ ಗೆರೆ ಎಳೆದು ನಿಧಾನ ಹರಿಯಬೇಕು. ಆದರೆ ಅಚ್ಚು ಮೊದಲು, ಹರಿಯುವುದು ಆಮೇಲೆ. ಸೊಟ್ಟ ಅಂಚನ್ನು, ಹಾಳೆ ಒಂದೇ ಜಾಗಕ್ಕೆ ಕೂಡಿಸುವ ಗೈಡಿಗೆ ತಾಗಿಸಿದರೆ ಪ್ರತಿ ಕಾರ್ಡು ಎರಡು-ಮೂರು ಮಿಲಿಮೀಟರ್ ಅತ್ತಿತ್ತ ಆಗಿ ಎರಡನೇ ಬಣ್ಣ ಹೊಂದುವುದಿಲ್ಲ. ಮಡಿಕೆಯ ಕಾರ್ಡಾದರೆ ಕ್ರೀಸಿಂಗ್ ಇಲ್ಲದೆ ಮಡಚಲೇಬಾರದು, ಎಸಳು ಬಂದಲ್ಲಿ ಸೀಳುತ್ತದೆ.

ಧಾರವಾಡದ ಮಳೆಗಾಲದಲ್ಲಿ ಈ ಹಾಳೆ ತೇವ ಕುಡಿದು ಹಿಗ್ಗುತ್ತದೆ, ನಿನ್ನೆ ಹೊಡೆದ ಬಣ್ಣಕ್ಕೆ ಇವತ್ತಿನದು ಕೂಡುವುದಿಲ್ಲ. ತುಳಸಿ ಲಗ್ನದ ನಂತರದ ಮದುವೆಗಳಿಗೆ ಆ ತೊಂದರೆ ಕಡಿಮೆ. ಏಪ್ರಿಲ್-ಮೇ ಸೆಕೆಯಲ್ಲಿ ಉಲ್ಟಾ, ಶಾಯಿ ಜಾಲರಿಯಲ್ಲೇ ಒಣಗಿ ಅಕ್ಷರ ಅರ್ಧ ಬೀಳುತ್ತದೆ. ಶಾಯಿ ಒಣಗುವುದನ್ನು ತಡಮಾಡುವ ರಿಟಾರ್ಡರ್ ಬೆರೆಸಿ, ಫ್ಯಾನ್ ಆಫ್ ಮಾಡಿ ಹೊಡೆಯುವುದೇ ಉಪಾಯ. ಒಂದು ಬಣ್ಣ ಒಣಗಲು ಒಂದು ರಾತ್ರಿ ಬಿಡಬೇಕು, ಹಾಳೆ ಬರುವ ದಿನಗಳನ್ನೂ ಸೇರಿಸಿದರೆ ಲಗ್ನಕ್ಕೆ ಎರಡೂವರೆ ತಿಂಗಳು ಮೊದಲೇ ಓಡಾಟ ಶುರುವಾಗಲಿ. ರೇಟು ಕೇಳುವಾಗ ಹಾಳೆಯದು ಬೇರೆ, ಒಂದು ಬಣ್ಣದ ಒಂದು ಹೊಡೆತಕ್ಕೆಷ್ಟು ಎಂಬುದು ಬೇರೆ, ಸ್ಕ್ರೀನ್ ಮಾಡುವ ಖರ್ಚು ಬೇರೆ ಬರೆಸಿಕೊಳ್ಳಿ. ಒಟ್ಟಾಗಿ "ಕಾರ್ಡಿಗಿಷ್ಟು" ಅಂದವರ ಹತ್ತಿರ ಕೆಟ್ಟ ಹಾಳೆ ಯಾರ ಲೆಕ್ಕಕ್ಕೆ ಎಂಬ ಮಾತು ಕೊನೆಗೆ ಬರುತ್ತದೆ.

ಅಂಚೆಗೆ ಹಾಕುವವರು ಒಂದು ಪೂರ್ಣ ಸೆಟ್ ತೂಗಿ ನೋಡಬೇಕು. ಸಾಧಾರಣ ಪತ್ರದ ಮೊದಲ ಹಂತ 20 ಗ್ರಾಂ. ಮೇಲಿನ ಅಳತೆಯ 300 ಜಿಎಸ್‌ಎಂ ಒಂಟಿ ಕಾರ್ಡು 6 ಗ್ರಾಂ ಚಿಲ್ಲರೆ, ಒಳಹಾಳೆ 2, ಲಕೋಟೆ 6, ಒಟ್ಟು 15ರೊಳಗೆ ಮುಗಿಯುತ್ತದೆ. ಅದೇ 300ರ ಹಾಳೆಯಲ್ಲಿ ಮಡಿಕೆಯ ಕಾರ್ಡು ಮಾಡಿದರೆ 20 ದಾಟಿ ಮುಂದಿನ ಹಂತದ ಅಂಚೆಚೀಟಿ ಬೇಕಾಗುತ್ತದೆ. ಲಕೋಟೆಯ ಮೇಲೆ ಜೆಲ್ ಪೆನ್ನು ಹರಡುತ್ತದೆ, ಬಾಲ್ ಪೆನ್ನು ಎಸಳಿಗೆ ಸಿಕ್ಕಿ ಜಾರುತ್ತದೆ. ಹೆಸರು ಬರೆಯಲು 3 × 1½ ಇಂಚಿನ ಸಾದಾ ಲೇಬಲ್ ಅಂಟಿಸುವುದು ಒಳ್ಳೆಯದು.

ಕೊನೆಗೆ ಅರಿಷಿಣ. ನಾಲ್ಕು ಮೂಲೆಗೆ ಹಚ್ಚದೆ ಕಾರ್ಡು ಮನೆಯಿಂದ ಹೊರಬೀಳುವುದಿಲ್ಲ, ಆದರೆ ಆರ್ಟ್ ಕಾರ್ಡಿನ ಮೇಲೆ ಹಚ್ಚುವ ತೆಳು ಅರಿಷಿಣ ಈ ಕಾಗದಕ್ಕೆ ಆಗದು. ನೀರು ಇಂಗಿ ಹಳದಿ ರೂಪಾಯಿ ಬಿಲ್ಲೆಯಷ್ಟಗಲ ಹರಡಿ ಹಿಂಬದಿಗೂ ಇಳಿಯುತ್ತದೆ. ಎಣ್ಣೆಯಲ್ಲಿ ಕಲಸಿದರೆ ಜಿಡ್ಡಿನ ಕಲೆ ಪಾರದರ್ಶಕವಾಗಿ ನಿಲ್ಲುತ್ತದೆ. ಅಂಬಲಿಗಿಂತ ಗಟ್ಟಿಯಾಗಿ, ಬೆರಳಿಗೆ ಅಂಟುವ ಹದಕ್ಕೆ ಕಲಸಿ, ಬೆರಳ ತುದಿಯಿಂದ ಮೂಲೆಗೆ ಮುಟ್ಟಿಸಿ, ಚಾಪೆಯ ಮೇಲೆ ಬಿಡಿಬಿಡಿಯಾಗಿ ಹರಡಿ ಅರ್ಧ ತಾಸು ಆರಿದ ಮೇಲೆಯೇ ಲಕೋಟೆಗೆ ಹಾಕಿ.